ಎರಡನೆಯವಳು ಎಲ್ಲಿ?

(1)

ಮಾರ್ಚ್ 8 ಬಂತು ಅಂದ್ರೆ ನಮ್ಮೆಲ್ಲರ ಫೀಡ್‌ನಲ್ಲಿ ಒಂದೇ ಥರದ ಕಾರ್ಡ್. ಗುಲಾಬಿ ಬಣ್ಣ, ಒಂದು ಹಳೇ ಕಪ್ಪುಬಿಳುಪು ಫೋಟೋ, ಕೆಳಗೆ ದಪ್ಪಕ್ಷರದಲ್ಲಿ "ಮೊದಲ ಮಹಿಳೆ". ಮೊದಲ ಡಾಕ್ಟರ್, ಮೊದಲ ಪೈಲಟ್, ಮೊದಲ ಸ್ಪೀಕರ್, ಮೊದಲ ಮಂತ್ರಿ. ನೀವೂ ಹಾಕಿರ್ತೀರಿ. ಇನ್ನೊಬ್ಬರು ಹಾಕಿದ್ದಕ್ಕೆ ಲೈಕ್ ಕೊಟ್ಟು ಮುಂದಿನ ರೀಲ್ಸ್‌ಗೆ ಹೋಗಿರ್ತೀರಿ.

ಆ ಕಾರ್ಡ್ ಮೇಲಿನ ಸಿಟ್ಟಿಗೇ ಈ ಸರಣಿ ಬರೀತಿದೀನಿ. ಆ ಹೆಣ್ಣುಮಕ್ಕಳ ಮೇಲೆ ನನಗೇನೂ ಸಿಟ್ಟಿಲ್ಲ, ಅವರ ಮುಂದೆ ನಾವು ಯಾವ ಲೆಕ್ಕ. ನನ್ನ ತಕರಾರು ಇರೋದು "ಮೊದಲ" ಅನ್ನೋ ಪದದ ಬಗ್ಗೆ. ಮೊದಲ ಅಂತ ಹೇಳಿ ಹಾರ ಹಾಕ್ತೀವಿ, ಅಲ್ಲಿಗೆ ಕೆಲಸ ಮುಗೀತು ಅಂದುಕೊಳ್ತೀವಿ. ಎರಡನೆಯವಳು ಯಾರು? ಯಾವಾಗ ಬಂದಳು? ಬರಲಿಲ್ಲ ಅಂದ್ರೆ ತಡೆದವರು ಯಾರು? ಇದನ್ನ ಒಂದು ಕಾರ್ಡೂ ಕೇಳಲ್ಲ.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ನನ್ನ ಕ್ಲಾಸ್‌ಮೇಟ್‌ಗಳೇ, ಜೂನಿಯರ್‌ಗಳೇ, ಬಸ್ ಪಾಸ್ ಹಿಡಿದು ದಿನಾ ಓಡಾಡೋ ಎಲ್ಲರೂ, ಇದು ನಿಮಗೇ ಬರೆದದ್ದು. ಉದ್ದ ಐತಿ. ಬಸ್ಸಿನ್ಯಾಗ ಸೀಟ್ ಸಿಕ್ಕಾಗ ಓದ್ರಿ.

(2)

ಕಾರ್ಡ್‌ಗಳಲ್ಲಿ ಆಗಾಗ ಬರೋ ಒಂದು ಹೆಸರಿಂದ ಶುರು ಮಾಡೋಣ. ಕೆ.ಎಸ್. ನಾಗರತ್ನಮ್ಮ.

ಗುಂಡ್ಲುಪೇಟೆಯವರು. ಅಂದ್ರೆ ರಾಯಚೂರು ರಾಜ್ಯದ ಈ ತುದಿ ಆದ್ರೆ ಅದು ಆ ತುದಿ, ಅತ್ತ ಕೇರಳ, ಇತ್ತ ತಮಿಳುನಾಡು. 1957ರಲ್ಲಿ ಯಾವ ಪಕ್ಷದ ಟಿಕೆಟ್ಟೂ ಇಲ್ಲದೆ ಸ್ವತಂತ್ರವಾಗಿ ನಿಂತು ಗೆದ್ದರು. ಒಟ್ಟು ಏಳು ಸಲ ಅದೇ ಕ್ಷೇತ್ರದಿಂದ ಶಾಸಕಿ. 1972ರಿಂದ 1978ರವರೆಗೆ, ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ, ವಿಧಾನಸಭೆಯ ಸಭಾಧ್ಯಕ್ಷೆ.

ಸಭಾಧ್ಯಕ್ಷೆ ಅಂದ್ರೆ ಏನು ಅಂತ ಒಮ್ಮೆ ಯೋಚಿಸಿ. ಯಾರು ಮಾತಾಡಬೇಕು, ಎಷ್ಟು ಹೊತ್ತು ಮಾತಾಡಬೇಕು, ಯಾವ ಮಾತು ಕಡತದಿಂದ ತೆಗೀಬೇಕು, ಗಲಾಟೆ ಮಾಡಿದವರನ್ನ ಹೊರಗೆ ಕಳಿಸಬೇಕೋ ಬೇಡವೋ, ಎಲ್ಲ ಆ ಕುರ್ಚಿಯ ತೀರ್ಮಾನ. ಮುಖ್ಯಮಂತ್ರಿ ಕೂಡ "ಮಾನ್ಯ ಅಧ್ಯಕ್ಷರೇ" ಅಂತ ಆ ಕುರ್ಚಿಗೆ ಹೇಳಿಯೇ ಮಾತು ಶುರು ಮಾಡಬೇಕು. ಗೇಣಿದಾರನಿಗೆ ಉಳುವ ಭೂಮಿ ಕೊಡಿಸಿದ 1974ರ ಭೂಸುಧಾರಣೆ ತಿದ್ದುಪಡಿ ಬಂದದ್ದು ನಾಗರತ್ನಮ್ಮ ಆ ಕುರ್ಚಿಯಲ್ಲಿದ್ದ ಕಾಲದಲ್ಲಿ. ಜಮೀನ್ದಾರರ ಮಕ್ಕಳೇ ತುಂಬಿದ ಸದನದಲ್ಲಿ ಜಮೀನಿನ ಬಗ್ಗೆಯೇ ಚರ್ಚೆ ನಡೆಸೋದು ಸಣ್ಣ ಕೆಲಸ ಆಗಿರಲಿಕ್ಕಿಲ್ಲ. ಮುಂದೆ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆಗಿದ್ದಾಗ ಅವರೇ ವಿರೋಧ ಪಕ್ಷದ ನಾಯಕಿಯೂ ಆದರು. ಅದಕ್ಕೂ "ಮೊದಲ".

ಈಗ ಕಾರ್ಡ್‌ನಲ್ಲಿ ಇಲ್ಲದ ಮಾತು. 1978ರಲ್ಲಿ ಅವರು ಎದ್ದು ಹೋದ ಮೇಲೆ ಆ ಕುರ್ಚಿ ಮೇಲೆ ಇನ್ನೊಬ್ಬ ಹೆಂಗಸು ಕೂತೇ ಇಲ್ಲ. ಒಬ್ಬರೂ. ಕಾಂಗ್ರೆಸ್ ಬಂತು, ಜನತಾ ಬಂತು, ಬಿಜೆಪಿ ಬಂತು, ಸಮ್ಮಿಶ್ರ ಬಂತು. ಸ್ಪೀಕರ್‌ಗಳು ಬಂದರು, ಹೋದರು, ಎಲ್ಲ ಗಂಡಸರೇ. 1978ರಲ್ಲಿ ನಮ್ಮಲ್ಲಿ ಬಹಳ ಮಂದಿಯ ಅವ್ವಂದಿರು ಇನ್ನೂ ಹುಟ್ಟಿರಲಿಲ್ಲ. ಮುಖ್ಯಮಂತ್ರಿ ಕುರ್ಚಿಯ ಸುದ್ದಿಯಂತೂ ಬಿಡಿ, ಅಲ್ಲಿ ಮೊದಲನೆಯವಳೇ ಇನ್ನೂ ಬಂದಿಲ್ಲ.

ಹಂಗಾದ್ರೆ 1972 ನಮಗೆ ಹೆಮ್ಮೆಯ ವರ್ಷವೋ, ನಾಚಿಕೆಯ ಲೆಕ್ಕ ಶುರುವಾದ ವರ್ಷವೋ?

(3)

"ಅದು ಬೆಂಗಳೂರು-ಮೈಸೂರು ಕಡೆ ಸುದ್ದಿ, ನಮ್ ಕಡೆದು ಹೇಳು" ಅಂತೀರಿ. ಹೇಳ್ತೀನಿ.

2023ರ ಮೇ ತಿಂಗಳಲ್ಲಿ ದೇವದುರ್ಗದಿಂದ ಕರೆಮ್ಮ ನಾಯಕ ಗೆದ್ದರು. ಜೆಡಿಎಸ್ ಇಡೀ ರಾಜ್ಯದಲ್ಲಿ 19ಕ್ಕೆ ಇಳಿದಿದ್ದ ಚುನಾವಣೆ ಅದು. ಅಂಥದ್ರಲ್ಲಿ ಇವರು ಕೂತಿದ್ದ ಶಾಸಕರನ್ನ ಮೂವತ್ತು ಸಾವಿರಕ್ಕೂ ಹೆಚ್ಚು ಮತದಿಂದ ಸೋಲಿಸಿದರು. ಆವತ್ತು ಸ್ಟೇಟಸ್‌ಗಳಲ್ಲಿ "ದೇವದುರ್ಗದ ಮೊದಲ ಮಹಿಳಾ ಶಾಸಕಿ" ಅಂತ ಹಾಕಿದವರು ಇದ್ರು. ಖುಷಿಗೆ ಹಾಕಿದ್ರು, ಒಪ್ಪೋಣ. ಆದ್ರೆ ಅದು ಸುಳ್ಳು.

1994ರಲ್ಲೇ ಅದೇ ದೇವದುರ್ಗದಿಂದ ಬಿ.ಟಿ. ಲಲಿತಾ ನಾಯಕ್ ಗೆದ್ದಿದ್ದರು. ಕಡೂರು ಕಡೆಯ ತಾಂಡಾದಲ್ಲಿ ಹುಟ್ಟಿದ ಲಂಬಾಣಿ ಹೆಣ್ಣುಮಗಳು. ಕಥೆ, ಕವಿತೆ, ಕಾದಂಬರಿ ಬರೆದವರು, ಬಂಡಾಯ ಸಾಹಿತ್ಯದ ಜೊತೆ ಬೆಳೆದವರು. ಜೆ.ಎಚ್. ಪಟೇಲರ ಸಂಪುಟದಲ್ಲಿ ಮಂತ್ರಿಯಾದರು, ಕನ್ನಡ ಮತ್ತು ಸಂಸ್ಕೃತಿ ಖಾತೆ ನೋಡಿಕೊಂಡರು. ಮನೆಯಲ್ಲಿ ಗೋರ್ ಬೋಲಿ ಮಾತಾಡೋ ಸಮುದಾಯದ ಹೆಣ್ಣೊಬ್ಬಳು ಇಡೀ ರಾಜ್ಯದ ಕನ್ನಡದ ಕೆಲಸಕ್ಕೆ ಮಂತ್ರಿ. ನಮ್ಮ ಪಕ್ಕದ ತಾಲೂಕು ಆರಿಸಿ ಕಳಿಸಿದ ಶಾಸಕಿ.

ಲಿಂಗಸುಗೂರು ತಾಲೂಕಿನಲ್ಲಿ ಎಷ್ಟು ತಾಂಡಾಗಳಿವೆ ಅಂತ ನಿಮಗೆ ಗೊತ್ತು, ನಿಮ್ಮಲ್ಲಿ ಹಲವರು ಅಲ್ಲಿಂದಲೇ ಕಾಲೇಜಿಗೆ ಬರ್ತೀರಿ. ಈ ಹೆಸರು ಎಷ್ಟು ಮಂದಿ ಕೇಳಿದೀರಿ? ನಾನು ಹನ್ನೊಂದು ಮಂದಿಯನ್ನ ಕೇಳಿದೆ. ಒಬ್ಬಳು ಮಾತ್ರ "ಪಾಠದಾಗ ಬಂದಿತ್ತಲ್ಲ?" ಅಂದಳು, ಅದೂ ಲೇಖಕಿ ಅಂತ. ಶಾಸಕಿ ಅಂತ ಒಬ್ಬರಿಗೂ ಗೊತ್ತಿರಲಿಲ್ಲ.

ಇದೇ ನನ್ನ ಜಗಳ. ಒಬ್ಬಳು ಗೆದ್ದದ್ದನ್ನ ಮರೆತುಬಿಟ್ರೆ, ಇಪ್ಪತ್ತೊಂಬತ್ತು ವರ್ಷ ಬಿಟ್ಟು ಇನ್ನೊಬ್ಬಳು ಗೆದ್ದಾಗ ಅವಳೂ "ಮೊದಲ" ಆಗ್ತಾಳೆ. ಅವಳನ್ನೂ ಮರೆತ್ರೆ 2050ರಲ್ಲಿ ಮತ್ತೊಬ್ಬಳು "ಮೊದಲ". ಹಿಂಗೇ ಎಣಿಸ್ತಾ ಹೋದ್ರೆ ನೂರು ವರ್ಷ ಆದ್ರೂ ನಮ್ಮ ಎಣಿಕೆ ಒಂದನ್ನ ದಾಟಲ್ಲ.

ಮಸ್ಕಿಯವರಿಗೆ ಇದು ಬೇಗ ಅರ್ಥ ಆಗಬೇಕು. ಸಾಲು ಸಾಲು ಶಾಸನಗಳಲ್ಲಿ "ದೇವಾನಾಂಪ್ರಿಯ" ಅಂತ ಬಿರುದು ಇತ್ತು, ಅದು ಯಾವ ರಾಜ ಅನ್ನೋದು ಖಚಿತ ಇರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ನಿಮ್ಮೂರ ಬಂಡೆ ಪತ್ತೆ ಮಾಡಿದ, ಅದರ ಮೇಲೆ ಅಶೋಕ ಅಂತ ಹೆಸರೇ ಇತ್ತು. ಟೂರಿಗೆ ಬಂದವರಿಗೆಲ್ಲ ಎಷ್ಟು ಹೆಮ್ಮೆಯಿಂದ ಹೇಳ್ತೀರಿ! "ಮೊದಲ ಮಹಿಳೆ" ಕೂಡ ಬರೀ ಬಿರುದು. ನಮಗೆ ಹೆಸರುಗಳು ಬೇಕು, ಒಂದರ ಹಿಂದೆ ಒಂದು.

(4)

ಈಗ ನಮ್ಮ ಮೂರು ತಾಲೂಕಿನ ಲೆಕ್ಕ. ಮಸ್ಕಿ ಕ್ಷೇತ್ರ ಹುಟ್ಟಿದ್ದೇ 2008ರ ಮರುವಿಂಗಡಣೆಯಲ್ಲಿ, ಹಾಗಾಗಿ ಅಲ್ಲಿಂದ ಎಣಿಸೋಣ.

2008, 2013, 2018, 2023. ಮೂರು ಕ್ಷೇತ್ರ, ನಾಲ್ಕು ಚುನಾವಣೆ, ಜೊತೆಗೆ 2021ರ ಮಸ್ಕಿ ಉಪಚುನಾವಣೆ. ಒಟ್ಟು ಹದಿಮೂರು ಸಲ ಒಬ್ಬೊಬ್ಬ ಶಾಸಕನನ್ನ ಆರಿಸಿದ್ದೀವಿ. ಸಿಂಧನೂರಿನಲ್ಲಿ ವೆಂಕಟರಾವ್ ನಾಡಗೌಡ, ಹಂಪನಗೌಡ ಬಾದರ್ಲಿ. ಲಿಂಗಸುಗೂರಿನಲ್ಲಿ ಮಾನಪ್ಪ ವಜ್ಜಲ್, ಡಿ.ಎಸ್. ಹೂಲಗೇರಿ. ಮಸ್ಕಿಯಲ್ಲಿ ಪ್ರತಾಪಗೌಡ ಪಾಟೀಲ, ಬಸನಗೌಡ ತುರ್ವಿಹಾಳ. ಹದಿಮೂರು ಗೆಲುವು, ಆರು ಗಂಡಸರು. ಹೆಣ್ಣು: ಸೊನ್ನೆ.

ಇವರ ಮೇಲೆ ನನಗೆ ವೈಯಕ್ತಿಕ ದೂರೇನಿಲ್ಲ. ನನಗೆ ನಗು ಬರೋದು ಬೇರೆ ವಿಷಯಕ್ಕೆ. ಈ ಹದಿಮೂರರಲ್ಲಿ ಏನೇನು ಬದಲಾಗಿದೆ ನೋಡಿ. ವಜ್ಜಲ್ ಅವರು ಬಿಜೆಪಿಯಿಂದ ಗೆದ್ರು, ಜೆಡಿಎಸ್‌ನಿಂದ ಗೆದ್ರು, ಮತ್ತೆ ಬಿಜೆಪಿಯಿಂದ ಗೆದ್ರು. ಮಸ್ಕಿಯಲ್ಲಿ 2018ಕ್ಕೆ ಕಾಂಗ್ರೆಸ್‌ನ ಪ್ರತಾಪಗೌಡರು ಬಿಜೆಪಿಯ ತುರ್ವಿಹಾಳರನ್ನ ಬರೀ 213 ಮತದಿಂದ ಸೋಲಿಸಿದ್ರು. 2021ಕ್ಕೆ ಅದೇ ಇಬ್ಬರು ಪಕ್ಷ ಅದಲುಬದಲು ಮಾಡಿಕೊಂಡು ನಿಂತರು, ಈ ಸಲ ತುರ್ವಿಹಾಳರು ಗೆದ್ರು. ಕಬಡ್ಡಿಯಲ್ಲಿ ಅರ್ಧ ಆಟ ಆದ ಮೇಲೆ ಅಂಕಣ ಬದಲಾಯಿಸ್ತಾರಲ್ಲ, ಹಂಗ.

ಪಕ್ಷ ಬದಲಾಯಿಸೋದು ನಮ್ಮಲ್ಲಿ ಇಷ್ಟು ಸಲೀಸು. ಇವತ್ತು ಒಂದು ಶಾಲು, ನಾಳೆ ಇನ್ನೊಂದು. ಕಾರ್ಯಕರ್ತರು ಬೇಜಾರಾಗ್ತಾರೆ, ಆಮೇಲೆ ಸರಿಹೋಗ್ತಾರೆ, ಮತದಾರರೂ ನುಂಗಿಕೊಳ್ತಾರೆ. ಆದ್ರೆ "ಈ ಸಲ ಒಬ್ಬ ಹೆಣ್ಣುಮಗಳಿಗೆ ಟಿಕೆಟ್ ಕೊಡ್ರಿ" ಅಂದ್ರೆ ಮಾತ್ರ "ನಮ್ ಮಂದಿ ಒಪ್ಪಂಗಿಲ್ಲ". ಯಾವ ಮಂದಿ? ವಿರೋಧ ಪಕ್ಷದವರನ್ನ ರಾತ್ರೋರಾತ್ರಿ ಒಪ್ಪಿಕೊಂಡ ಮಂದಿ?

(5)

ಇನ್ನೊಂದು ಹಳೇ ಮಾತು: "ನಮ್ ಕಡೆ ಹೆಣ್ಣುಮಕ್ಕಳು ಗೆಲ್ಲಂಗಿಲ್ಲ."

ಸಿಂಧನೂರಿನಿಂದ ತುಂಗಭದ್ರಾ ದಾಟಿದ್ರೆ ಸಿರುಗುಪ್ಪ, ಮುಂದೆ ಬಳ್ಳಾರಿ. ಆ ಬಳ್ಳಾರಿ ಲೋಕಸಭೆಯಿಂದ ಬಸವರಾಜೇಶ್ವರಿ 1984, 1989, 1991, ಮೂರು ಸಲ ಸಾಲಾಗಿ ಗೆದ್ದರು. 1999ರಲ್ಲಿ ಒಂದು ಕಡೆ ಸೋನಿಯಾ ಗಾಂಧಿ, ಇನ್ನೊಂದು ಕಡೆ ಸುಷ್ಮಾ ಸ್ವರಾಜ್. ದೇಶದ ಎರಡು ದೊಡ್ಡ ಪಕ್ಷಗಳಿಗೂ ಆವತ್ತು ಇದೇ ಬಿಸಿಲುನಾಡಿನಲ್ಲಿ ಹೆಣ್ಣುಮಗಳೇ ಬೇಕಾಗಿತ್ತು. ಸುಷ್ಮಾ ಅವರು ಕನ್ನಡ ಕಲಿತು ಭಾಷಣ ಮಾಡಿದರು, ಸೋತರು, ಅದು ಬೇರೆ ಮಾತು. ಆ ಕ್ಷೇತ್ರದಲ್ಲಿ ಗಂಡಸಿಗೆ ವೋಟು ಹಾಕಬೇಕು ಅಂತ ಹಟ ಹಿಡಿದು ಯಾರೂ ಮನೆಯಲ್ಲಿ ಕೂರಲಿಲ್ಲ. 2009ರಲ್ಲಿ ಜೆ. ಶಾಂತಾ ಗೆದ್ದರು. ಹೊಳೆ ಆ ಕಡೆ ಗೆಲ್ಲೋ ಹೆಣ್ಣು ಹೊಳೆ ಈ ಕಡೆ ಯಾಕೆ ಸೋಲ್ತಾಳೆ? ನೀರು ಒಂದೇ, ಕಾಲುವೆ ಒಂದೇ ಡ್ಯಾಮಿಂದು, ಭತ್ತವೂ ಒಂದೇ.

ನಿಜ ಏನಂದ್ರೆ ಸೋಲೋಕೆ ಮೊದಲು ನಿಲ್ಲಬೇಕು. ನಿಲ್ಲೋಕೆ ಟಿಕೆಟ್ ಬೇಕು. ಟಿಕೆಟ್ ಕೊಡೋ ಕೋಣೆಯಲ್ಲಿ ಕೂತವರು ಯಾರು ಅಂತ ನಿಮಗೇ ಗೊತ್ತು.

2023ರಲ್ಲಿ 224 ಕ್ಷೇತ್ರಗಳಿಂದ ಗೆದ್ದ ಹೆಣ್ಣುಮಕ್ಕಳು 10. ಅದರಲ್ಲೂ ಕನಿಷ್ಠ ಐವರು ರಾಜಕಾರಣಿಯ ಹೆಂಡತಿ ಇಲ್ಲವೇ ಮಗಳು: ಕನೀಜ್ ಫಾತಿಮಾ, ರೂಪಕಲಾ, ಲತಾ ಮಲ್ಲಿಕಾರ್ಜುನ, ಮಂಜುಳಾ ಲಿಂಬಾವಳಿ, ನಯನಾ ಮೋಟಮ್ಮ. ಇದು ಅವರ ತಪ್ಪಲ್ಲ. ಗಂಡಸರಲ್ಲಿ ಅಪ್ಪನ ಹೆಸರು ಹೇಳಿ ಬಂದವರನ್ನ ಎಣಿಸೋಕೆ ಹೋದ್ರೆ ಈ ಕ್ಯಾಪ್ಶನ್ ಮುಗಿಯಲ್ಲ. (ನಯನಾ ಅವರದ್ದು ನನಗೆ ಇಷ್ಟ ಆಗೋದು ಬೇರೆ ಕಾರಣಕ್ಕೆ. ಮೂಡಿಗೆರೆಯಲ್ಲಿ ಅವ್ವ ಮೋಟಮ್ಮ ಗೆದ್ದಿದ್ದರು, ಈಗ ಮಗಳು. ಅಲ್ಲಿ ಎರಡನೆಯವಳು ಬಂದಳು ನೋಡಿ!) ಆದ್ರೆ ಗೌಡರ ಮನೆಯಲ್ಲಿ ಹುಟ್ಟದ, ಶಾಸಕರ ಮನೆಗೆ ಸೊಸೆಯಾಗಿ ಹೋಗದ, ನಾಟಿ ಹಚ್ಚಿ, ಹತ್ತಿ ಬಿಡಿಸಿ, ಬ್ಯಾಸಗಿಗೆ ಗುಳೆ ಹೋಗಿ ಬರೋ ಮನೆಯ ಹುಡುಗಿ ಯಾವ ಬಾಗಿಲು ತಟ್ಟಬೇಕು?

(6)

ಒಂದು ಬಾಗಿಲಿತ್ತು. ಈ ಭಾಗ ಸೇವ್ ಮಾಡಿಕೊಳ್ಳಿ, ಪಿಯುಸಿ ರಾಜ್ಯಶಾಸ್ತ್ರಕ್ಕೂ ಉಪಯೋಗ ಆಗುತ್ತೆ.

ದೇಶಕ್ಕೆಲ್ಲ ಪಂಚಾಯ್ತಿಯಲ್ಲಿ ಮಹಿಳಾ ಮೀಸಲಾತಿ ಬಂದದ್ದು 73ನೇ ತಿದ್ದುಪಡಿಯಿಂದ, 1993ರಲ್ಲಿ. ಕರ್ನಾಟಕ ಅದಕ್ಕಿಂತ ಹತ್ತು ವರ್ಷ ಮುಂಚೆ, 1983ರ ಕಾಯ್ದೆಯಲ್ಲೇ ಶೇ. 25 ಸೀಟು ಹೆಂಗಸರಿಗೆ ಬರೆದಿತ್ತು. 1987ರಲ್ಲಿ ಚುನಾವಣೆ ನಡೆದು ಮಂಡಲ ಪಂಚಾಯ್ತಿಗೆ ಸಾವಿರಾರು ಹೆಣ್ಣುಮಕ್ಕಳು ಬಂದರು. 2010ರಲ್ಲಿ ಅದು ಶೇ. 50 ಆಯ್ತು. ಗ್ರಾಮ, ತಾಲೂಕು, ಜಿಲ್ಲೆ, ಮೂರೂ ಹಂತದಲ್ಲಿ ಅರ್ಧ.

"ಹೆಸರು ಹೆಂಡ್ತಿದು, ಕಾರುಬಾರು ಗಂಡಂದು" ಅಂತ ನಗ್ತೀರಿ. ಗೊತ್ತು. ಅಧ್ಯಕ್ಷರ ಯಜಮಾನ್ರು ಅಂತ ಒಂದು ಹುದ್ದೆಯೇ ನಮ್ಮಲ್ಲಿ ಹುಟ್ಟಿಕೊಂಡಿದೆ. ಬ್ಯಾನರ್‌ನಲ್ಲಿ ಆಕೆಯ ಫೋಟೋ ಅಂಚೆಚೀಟಿಯಷ್ಟು, ಅವರದ್ದು ಬಾಗಿಲಷ್ಟು. ಮೀಟಿಂಗ್‌ಗೆ ಅವರೇ, ಫೋನ್ ಎತ್ತೋದೂ ಅವರೇ, ಆಕೆ ಸಹಿ ಮಾತ್ರ.

ಅದಕ್ಕೆ ಒಂದು ದೂರದ ಕಥೆ ಕೇಳಿ. ಅಮೆರಿಕದ ಯೂಟಾ ರಾಜ್ಯ, 1896. ಮಾರ್ಥಾ ಹ್ಯೂಸ್ ಕ್ಯಾನನ್ ಅಂತ ಒಬ್ಬ ಡಾಕ್ಟರಮ್ಮ ರಾಜ್ಯದ ಸೆನೆಟ್‌ಗೆ ನಿಂತರು. ಎದುರು ಪಕ್ಷದ ಅಭ್ಯರ್ಥಿಗಳಲ್ಲಿ ಒಬ್ಬ ಆಕೆಯ ಗಂಡ ಆಂಗಸ್. ಆತನಿಗೆ ಬೇರೆ ಹೆಂಡತಿಯರೂ ಇದ್ದ ಕಾಲ ಅದು. ಮಾರ್ಥಾ ಗೆದ್ದರು, ಆಂಗಸ್ ಸೋತರು. ಅಮೆರಿಕದಲ್ಲಿ ರಾಜ್ಯ ಸೆನೆಟ್‌ಗೆ ಹೋದ "ಮೊದಲ ಮಹಿಳೆ" ಆಕೆಯೇ, ಇಡೀ ಅಮೆರಿಕದ ಹೆಂಗಸರಿಗೆ ವೋಟು ಸಿಗೋಕೆ ಇನ್ನೂ 24 ವರ್ಷ ಇತ್ತು. ಅಲ್ಲಿ ಹೋಗಿ ಸುಮ್ಮನೆ ಕೂರಲಿಲ್ಲ, ರಾಜ್ಯಕ್ಕೆ ಒಂದು ಆರೋಗ್ಯ ಮಂಡಳಿ ಆಗೋ ಕಾನೂನು ತಂದರು. ಆಕೆಯ ಮೂರ್ತಿ ವಾಷಿಂಗ್ಟನ್‌ನ ಸಂಸತ್ ಭವನಕ್ಕೆ ಬಂದದ್ದು 2024ರ ಡಿಸೆಂಬರ್‌ನಲ್ಲಿ. ಅವರೂ ನಮ್ಮಂಗೇ ನಿಧಾನ.

ನೀವು ನಗೋ ಆ ಪಂಚಾಯ್ತಿಗಳಲ್ಲೇ ಎರಡನೇ ಅವಧಿಗೆ ಬಂದ ಹೆಣ್ಣುಮಕ್ಕಳನ್ನ ನೋಡಿ. ಮೊದಲ ವರ್ಷ ಮೂಲೆಯಲ್ಲಿ ಸೆರಗು ಹೊದ್ದು ಕೂತವರು ಮೂರನೇ ವರ್ಷ ಪಿಡಿಒ ಮುಂದೆ ಖಾತ್ರಿ ಕೆಲಸದ ಎನ್‌ಎಂಆರ್ ತೆಗೆಸಿ, "ಇವ್ರು ಯಾರು? ನಮ್ಮೂರಾಗ ಈ ಹೆಸರಿನವ್ರೇ ಇಲ್ಲಲ್ಲ" ಅಂತ ಕೇಳ್ತಾರೆ. ಕಲಿಯೋಕೆ ಟೈಮ್ ಬೇಕು. ಗಂಡಸರಿಗೆ ನಾವು ಎಪ್ಪತ್ತು ವರ್ಷ ಟೈಮ್ ಕೊಟ್ಟಿಲ್ಲವಾ?

(7)

ಕಲಿತವರು ಮುಂದೆ ಎಲ್ಲಿಗೆ ಹೋಗಬೇಕು? ಗ್ರಾಮ ಪಂಚಾಯ್ತಿಯಿಂದ ತಾಲೂಕು ಪಂಚಾಯ್ತಿಗೆ, ಅಲ್ಲಿಂದ ಜಿಲ್ಲಾ ಪಂಚಾಯ್ತಿಗೆ, ಅಲ್ಲಿ ನಾಲ್ಕು ಮಂದಿಗೆ ಹೆಸರು ಗೊತ್ತಾದ ಮೇಲೆ ಎಂಎಲ್‌ಎ ಟಿಕೆಟ್‌ಗೆ. ಗಂಡಸರಲ್ಲಿ ಎಷ್ಟೋ ಮಂದಿ ಇದೇ ದಾರಿಯಲ್ಲಿ ಬಂದವರು.

ಆ ನಡುವಿನ ಎರಡು ಮೆಟ್ಟಿಲು ಏನಾಯ್ತು? ಜಿಲ್ಲಾ, ತಾಲೂಕು ಪಂಚಾಯ್ತಿಗೆ 2016ರಲ್ಲಿ ಚುನಾವಣೆ ಆಯ್ತು. 2021ರಲ್ಲಿ ಅವಧಿ ಮುಗೀತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ವರ್ಷಗಟ್ಟಲೆ ಮುಂದೂಡಿದ್ದೇ ಮುಂದೂಡಿದ್ದು, ಆಡಳಿತವೆಲ್ಲ ಅಧಿಕಾರಿಗಳ ಕೈಗೆ. ಮೊದಲು ಬಿಜೆಪಿ ಸರ್ಕಾರ ಇತ್ತು, ಆಮೇಲೆ ಕಾಂಗ್ರೆಸ್ ಬಂತು, ಯಾರಿಗೂ ಅವಸರ ಕಾಣಲಿಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಶಾಸಕರಿಗೆ ಇದು ಬಹಳ ಅನುಕೂಲ. ಜಿಲ್ಲಾ ಪಂಚಾಯ್ತಿ ಸದಸ್ಯೆ ಇಲ್ಲ ಅಂದ್ರೆ ಊರ ರಸ್ತೆಗೆ, ಕುಡಿಯೋ ನೀರಿಗೆ ಅವರನ್ನೇ ಕೇಳಬೇಕು. ನಾಳೆ ಟಿಕೆಟ್‌ಗೆ ಪೈಪೋಟಿ ಕೊಡೋ ಮುಖವೂ ಬೆಳೆಯಲ್ಲ.

ಅರ್ಧ ಸೀಟು ಹೆಣ್ಣುಮಕ್ಕಳಿಗೆ ಇದ್ದ ಮೆಟ್ಟಿಲು ಅದು. ಅಟ್ಟ ಹತ್ತಿಸಿ ಏಣಿ ತೆಗೆಯೋದು ಗಾದೆ ಮಾತು. ಇಲ್ಲಿ ಅಟ್ಟ ಹತ್ತಿಸೋ ಮೊದಲೇ ಏಣಿ ತೆಗೆದಿಟ್ಟಿದ್ದಾರೆ. ಮಾರ್ಚ್ 8ಕ್ಕೆ ವೇದಿಕೆ ಮೇಲೆ ನಿಂತು ನಾಗರತ್ನಮ್ಮನವರ ಹೆಸರು ಹೇಳೋ ನಾಯಕರನ್ನ ನಾನು ಕೇಳಬೇಕು ಅಂದುಕೊಂಡಿರೋದು ಇದೊಂದೇ: ಏಣಿ ಎಲ್ಲಿ ಇಟ್ಟೀರಿ?

"2023ರ ಸೆಪ್ಟೆಂಬರ್‌ನಲ್ಲಿ ಪಾರ್ಲಿಮೆಂಟು ಕಾನೂನು ಮಾಡಿತಲ್ಲ, ಲೋಕಸಭೆ ವಿಧಾನಸಭೆಯಲ್ಲಿ ಮೂರರಲ್ಲಿ ಒಂದು ಭಾಗ ಹೆಣ್ಣುಮಕ್ಕಳಿಗೆ?" ಹೌದು, 106ನೇ ತಿದ್ದುಪಡಿ. ಜನಗಣತಿ ಆಗಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಜಾರಿ ಅಂತ ಅದರಲ್ಲೇ ಬರೆದಿದೆ. ಎಸ್‌ಸಿ, ಎಸ್‌ಟಿ ಮೀಸಲು ಕ್ಷೇತ್ರಗಳ ಒಳಗೂ ಮೂರರಲ್ಲಿ ಒಂದು. ಲಿಂಗಸುಗೂರು ಈಗ ಎಸ್‌ಸಿ ಮೀಸಲು, ಮಸ್ಕಿ ಎಸ್‌ಟಿ, ಸಿಂಧನೂರು ಸಾಮಾನ್ಯ. ನಾಳೆ ಮೂರರಲ್ಲಿ ಯಾವುದಾದರೂ ಒಂದು ಮಹಿಳಾ ಕ್ಷೇತ್ರ ಆಗಬಹುದು. ಆವತ್ತು ಏನಾಗುತ್ತೆ ಹೇಳಲಾ? ಏಣಿ ಹತ್ತಿ ಬಂದ ಹೆಣ್ಣುಮಗಳು ಒಬ್ಬಳೂ ಇರಲ್ಲ. "ಅರ್ಹ ಮಹಿಳೆಯರೇ ಸಿಗಲಿಲ್ಲ" ಅಂತ ಹೇಳಿ ಹಾಲಿ-ಮಾಜಿಗಳ ಮನೆಯಿಂದಲೇ ಹೆಸರು ಬರುತ್ತೆ. ನಾವು "ಸಿಂಧನೂರಿನ ಮಹಿಳಾ ಶಾಸಕಿ" ಅಂತ ಗುಲಾಬಿ ಕಾರ್ಡ್ ಮಾಡ್ತೀವಿ.

(8)

ಕಳೆದ ಭಾಗಕ್ಕೆ ಕಾಮೆಂಟ್ ಹಾಕಿದವರಲ್ಲಿ ಒಬ್ಬ ಗೆಳೆಯ ಕೇಳಿದ: "ಹೆಣ್ಣು ಅಂತ ವೋಟು ಹಾಕ್ಬೇಕಾ? ಕೆಲಸ ಮಾಡೋರು ಯಾರಾದ್ರೇನು?" ಒಳ್ಳೇ ಪ್ರಶ್ನೆ. ಹಾಕಬೇಡಪ್ಪ. ಹೆಣ್ಣು ಅಂತ ವೋಟು ಹಾಕು ಅಂತ ನಾನು ಎಲ್ಲೂ ಬರೆದಿಲ್ಲ. ಹದಿಮೂರು ಚುನಾವಣೆಯಲ್ಲಿ ಗಂಡಸು ಅಂತ ವೋಟು ಹಾಕಿದ್ದೀವಾ ಇಲ್ಲವಾ, ಅದನ್ನ ಮಾತ್ರ ಯೋಚಿಸು. ಮತದಾರರ ಪಟ್ಟಿಯಲ್ಲಿ ಅರ್ಧ ಹೆಣ್ಣುಮಕ್ಕಳು, ಗೆದ್ದವರ ಪಟ್ಟಿಯಲ್ಲಿ ಸೊನ್ನೆ. ಇದು ಬರೀ ಯೋಗ್ಯತೆಯ ಫಲಿತಾಂಶ ಅಂತ ನೀನು ನಿಜಕ್ಕೂ ನಂಬ್ತೀಯಾ?

ಇನ್ನೊಬ್ಬಳು ಮೆಸೇಜ್ ಮಾಡಿದಳು: "ಅಕ್ಕಾ, ನನಗ ರಾಜಕೀಯ ಅಂದ್ರ ಇಷ್ಟ, ಮನ್ಯಾಗ ಹೇಳಿದ್ರ ಬೈತಾರ." ನಿನ್ನ ಹೆಸರು ಹಾಕಲ್ಲ ಕಣೇ. ಗ್ರಾಮ ಪಂಚಾಯ್ತಿಗೆ ನಿಲ್ಲೋಕೆ 21 ವರ್ಷ ಆಗಿರಬೇಕು, ಎಂಎಲ್‌ಎಗೆ 25. ನಿನಗೆ ಈಗ 19. ಎರಡು ವರ್ಷ ಗ್ರಾಮಸಭೆಗೆ ಹೋಗು. ಅಲ್ಲಿ ಕೂರೋಕೆ, ಕೇಳೋಕೆ ಮತದಾರಳಾಗಿದ್ರೆ ಸಾಕು, ಯಾರ ಟಿಕೆಟ್ಟೂ ಬೇಡ.

ಈಗ ಎಲ್ಲರಿಗೂ ಒಂದು ಕೆಲಸ. ಅಜ್ಜಿಯನ್ನ, ದೊಡ್ಡಮ್ಮನನ್ನ, ಊರ ಹಿರಿಯರನ್ನ ಕೇಳಿ: 1987ರ ಮಂಡಲ ಪಂಚಾಯ್ತಿಯಿಂದ ಇಲ್ಲಿವರೆಗೆ ನಿಮ್ಮೂರಲ್ಲಿ ಗೆದ್ದ ಹೆಣ್ಣುಮಕ್ಕಳು ಯಾರ‍್ಯಾರು? ಮೊದಲನೆಯವಳು ಮಾತ್ರ ಅಲ್ಲ, ಎಲ್ಲರೂ. ಅವರು ಒಪ್ಪಿದ್ರೆ ಹೆಸರು, ಊರು, ವರ್ಷ, ಮಾಡಿಸಿದ ಒಂದು ಕೆಲಸ (ಬೋರ್ ಇರಲಿ, ಅಂಗನವಾಡಿ ಇರಲಿ, ಸ್ಮಶಾನದ ಜಾಗ ಇರಲಿ) ಬರೆದು ಕಳಿಸಿ. ಫೋನ್ ನಂಬರ್ ಹಾಕಬೇಡಿ. ಫೋಟೋ ಇದ್ರೆ ಕೇಳಿಯೇ ಹಾಕಿ. "ಯಜಮಾನ್ರ" ಫೋಟೋ ಬೇಡ.

ಸಿಂಧನೂರಿನ ಕ್ಯಾಂಪ್‌ಗಳಿಂದ ಇಬ್ಬರದ್ದು, ಮುದಗಲ್ ಕಡೆಯಿಂದ ಒಬ್ಬರದ್ದು ಆಗಲೇ ಬಂದಿದೆ. ಮಸ್ಕಿಯವರು ಇನ್ನೂ ಕಳಿಸಿಲ್ಲ.

#ಎರಡನೆಯವಳುಎಲ್ಲಿ #ಸಿಂಧನೂರು #ಲಿಂಗಸುಗೂರು #ಮಸ್ಕಿ #ಏಣಿಎಲ್ಲಿ